ಅರವತ್ತು ಅಡಿ ರಸ್ತೆಯಲ್ಲಿ ಸೈಕಲ್ಲಿಗೆ ಜಾಗ ಎಲ್ಲಿಂದ ಬರಬೇಕು?

ಪ್ರಶ್ನೆ: ನಾವು ಮೈಸೂರಿನ ರಾಮಕೃಷ್ಣನಗರದ ಕಡೆಯವರು. ನಮ್ಮ ಬಡಾವಣೆಯ 60 ಅಡಿ ಮುಖ್ಯರಸ್ತೆಯನ್ನು ಹೊಸದಾಗಿ ವಿನ್ಯಾಸ ಮಾಡುವ ಪ್ರಸ್ತಾವವಿದೆ. ನಿವಾಸಿಗಳ ಸಭೆಯಲ್ಲಿ ತೋರಿಸಿದ ನಕ್ಷೆಯಲ್ಲಿ ಡಿವೈಡರ್, ಅಗಲವಾದ ಡಾಂಬರು, ಅಲಂಕಾರಿಕ ದೀಪದ ಕಂಬ ಎಲ್ಲವೂ ಇವೆ. ಸೈಕಲ್ಲಿಗೆ ಮಾತ್ರ ಜಾಗವಿಲ್ಲ. ಕೇಳಿದ್ದಕ್ಕೆ, ಅಗಲ ಸಾಲದು ಎಂದು ಒಬ್ಬರು, ಮಾಡಿದರೂ ಸ್ಕೂಟರ್ ನಿಲ್ಲಿಸುತ್ತಾರೆ ಎಂದು ಇನ್ನೊಬ್ಬರು, ಈಗ ಸೈಕಲ್ ತುಳಿಯುವವರು ಯಾರಿದ್ದಾರೆ ಎಂದು ಮತ್ತೊಬ್ಬರು ಹೇಳಿದರು. ಸೈಕಲ್ ಪಥಕ್ಕೆಂದು ಸಾಲುಮರ ಕಡಿದುಬಿಟ್ಟಾರು ಎಂಬ ಆತಂಕವೂ ಕೆಲವರಿಗಿದೆ. ನನ್ನ ಮಗಳು ಪ್ರೌಢಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತಾಳೆ. ಸಲಹೆ, ಆಕ್ಷೇಪಣೆ ಸಲ್ಲಿಸಲು ಇನ್ನೂ ಕಾಲಾವಕಾಶವಿದೆ. ನಾವು ಏನನ್ನು ಕೇಳಬೇಕು, ಹೇಗೆ ಕೇಳಬೇಕು?

ಉತ್ತರ: ನಿಮಗೆ ಸಿಕ್ಕ ಉತ್ತರಗಳು ಬೇರೆ ಬೇರೆಯಾಗಿ ಕಂಡರೂ ಅವು ಹುಟ್ಟುವುದು ಒಂದೇ ಅಭ್ಯಾಸದಿಂದ. ನಮ್ಮ ಊರುಗಳಲ್ಲಿ ರಸ್ತೆಯ ನಕ್ಷೆಯನ್ನು ನಡುಮಧ್ಯದಿಂದ ಬರೆಯುತ್ತಾ ಹೋಗುತ್ತಾರೆ. ಮೊದಲು ಸೆಂಟರ್ ಲೈನ್ ಎಳೆದು, ಅದರ ಎರಡೂ ಬದಿಗೆ ಕಾರು ಬಸ್ಸುಗಳಿಗೆ ಬೇಕೆನಿಸಿದಷ್ಟು ಡಾಂಬರನ್ನು ಅಳೆದು, ಆಮೇಲೆ ಚರಂಡಿಯನ್ನು ಕೂರಿಸಿ, ಅಲ್ಲಿಂದ ಕಾಂಪೌಂಡಿನ ತನಕ ಎಷ್ಟು ಮಿಕ್ಕುತ್ತದೋ ಅಷ್ಟನ್ನು ಪಾದಚಾರಿ ಮಾರ್ಗವೆಂದು ಕರೆಯುತ್ತಾರೆ. ಈ ಕ್ರಮದಲ್ಲಿ ಸೈಕಲ್ಲಿನ ಸರದಿ ಬರುವ ಹೊತ್ತಿಗೆ ಜಾಗ ಮುಗಿದಿರುತ್ತದೆ. ಆಗ ಎಂಜಿನಿಯರು ಅಗಲ ಸಾಲದು ಎಂದರೆ ಅದು ಸುಳ್ಳೂ ಅಲ್ಲ. ಆದ್ದರಿಂದ ನಿಮ್ಮ ಮನವಿಯ ಮೊದಲ ಸಾಲಿನಲ್ಲೇ ಅಳತೆಯ ಕ್ರಮವನ್ನು ತಿರುಗಿಸಲು ಕೇಳಿ. ಎರಡೂ ಬದಿಯ ಕಾಂಪೌಂಡು ಗೋಡೆಯಿಂದ ಒಳಮುಖವಾಗಿ ಅಳೆಯುತ್ತಾ ಬರಲಿ. ಮೊದಲು ನಡೆಯುವವರಿಗೆ, ಆಮೇಲೆ ಸೈಕಲ್ಲಿಗೆ, ಆಮೇಲೆ ಮರ ಮತ್ತು ಕಂಬಗಳಿಗೆ ಜಾಗ ಕೊಟ್ಟು, ನಡುವೆ ಉಳಿಯುವುದು ಮೋಟಾರು ವಾಹನಗಳಿಗೆ ಸಾಕೇ ಎಂದು ಪರಿಶೀಲಿಸಲಿ. ಬಹುಪಾಲು ಬಡಾವಣೆಯ ರಸ್ತೆಗಳಲ್ಲಿ ಅದು ಸಾಕಾಗುತ್ತದೆ.

ನಿಮ್ಮ 60 ಅಡಿಯನ್ನೇ ತೆಗೆದುಕೊಳ್ಳೋಣ. ಬದಿಗೆ ಆರೂವರೆ ಅಡಿಯಂತೆ ಎರಡೂ ಕಡೆಯ ಪಾದಚಾರಿ ಮಾರ್ಗಕ್ಕೆ 13 ಅಡಿ ಬೇಕು. ಸೈಕಲ್ ಪಥವೂ ಬದಿಗೆ ಆರೂವರೆ ಅಡಿ ಇರಲಿ, ಅದಕ್ಕೆ ಇನ್ನೊಂದು 13 ಅಡಿ. ಒಂದು ಸೈಕಲ್ಲಿನ ಹ್ಯಾಂಡಲ್ ಎರಡು ಅಡಿಗಿಂತ ಹೆಚ್ಚಿಲ್ಲದಿದ್ದರೂ ತುಳಿಯುವಾಗ ಅದು ಆಚೀಚೆ ಓಲಾಡುವುದರಿಂದ ಒಬ್ಬರಿಗೆ ಮೂರು ಅಡಿಗಿಂತ ಮೇಲೆಯೇ ಬೇಕು. ತರಕಾರಿ ಹೇರಿಕೊಂಡು ನಿಧಾನವಾಗಿ ಹೋಗುವವರನ್ನು ಶಾಲೆಯ ಹುಡುಗಿಯೊಬ್ಬಳು ಡಾಂಬರಿಗೆ ಇಳಿಯದೆ ದಾಟಿ ಹೋಗಬೇಕಾದರೆ ಆರೂವರೆ ಅಡಿಗಿಂತ ಕಡಿಮೆ ಮಾಡಬಾರದು. ಪಥಕ್ಕೂ ವಾಹನಗಳಿಗೂ ನಡುವೆ, ಮರ ಮತ್ತು ದೀಪದ ಕಂಬಗಳಿಗಾಗಿ, ಬದಿಗೆ ಮೂರು ಅಡಿಯ ಪಟ್ಟಿ ಇಟ್ಟರೆ 6 ಅಡಿ. ಹೋಗುವ ಬರುವ ವಾಹನಗಳಿಗೆ ಒಟ್ಟು 21 ಅಡಿ, ಅಂದರೆ ಸುಮಾರು 6.4 ಮೀಟರ್, ಎರಡು ನಗರ ಸಾರಿಗೆ ಬಸ್ಸುಗಳು ಎದುರುಬದುರಾದರೆ ಸ್ವಲ್ಪ ನಿಧಾನಿಸಿ ದಾಟಬಹುದಾದ ಅಗಲ ಅದು, ಆ ನಿಧಾನವೇ ನಮಗೆ ಬೇಕಾಗಿರುವುದು. ಇಷ್ಟಾದ ಮೇಲೂ 7 ಅಡಿ ಉಳಿಯುತ್ತದೆ. ಅದರಲ್ಲಿ ಒಂದು ಬದಿಗೆ ರಸ್ತೆಗೆ ಸಮಾನಾಂತರವಾಗಿ ಕಾರು ನಿಲ್ಲಿಸಬಹುದು. ಕೂಡಿ ನೋಡಿ, ಸರಿಯಾಗಿ 60 ಬರುತ್ತದೆ.

ಈ ಲೆಕ್ಕದಲ್ಲಿ ಡಿವೈಡರ್ ಇಲ್ಲ ಎಂಬುದನ್ನು ನೀವು ಗಮನಿಸಿರಬಹುದು. 60 ಅಡಿ ರಸ್ತೆಗೆ ಡಿವೈಡರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎದುರಿನಿಂದ ಯಾರೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ವಾಹನಗಳ ವೇಗ ಏರುತ್ತದೆ. ಆಚೆ ಬದಿಯ ಅಂಗಡಿಗೆ ಹೋಗಬೇಕಾದ ಸೈಕಲ್ ಸವಾರರು ಮುಂದಿನ ತೆರಪಿನವರೆಗೆ ಸುತ್ತಿಬರುವ ಬದಲು ಎದುರುಮುಖವಾಗಿ ಬರಲು ಶುರುಮಾಡುತ್ತಾರೆ. ಆಮೇಲೆ ಅವರನ್ನೇ ಶಿಸ್ತಿಲ್ಲದವರು ಎನ್ನಲಾಗುತ್ತದೆ. ತಮ್ಮ ಕಾಲಿನ ಬಲದಿಂದಲೇ ಸಾಗುವವರು ಅರ್ಧ ಕಿಲೋಮೀಟರಿನ ಸುತ್ತನ್ನು ಏಕೆ ತಪ್ಪಿಸುತ್ತಾರೆ ಎಂಬುದನ್ನು ನಕ್ಷೆ ಬರೆಯುವಾಗಲೇ ಯೋಚಿಸಬೇಕಿತ್ತು.

ಎಲ್ಲ ರಸ್ತೆಗೂ ಪ್ರತ್ಯೇಕ ಪಥ ಬೇಕಿಲ್ಲ ಎಂಬುದನ್ನೂ ಇಲ್ಲೇ ಹೇಳುತ್ತೇನೆ. ಬಡಾವಣೆಯೊಳಗಿನ 30 ಅಡಿ, 40 ಅಡಿ ಅಡ್ಡರಸ್ತೆಗಳಲ್ಲಿ ವಾಹನಗಳು ಗಂಟೆಗೆ 30 ಕಿಲೋಮೀಟರ್ ಮೀರದಂತೆ ನೋಡಿಕೊಂಡರೆ ಸೈಕಲ್ಲು ಅವುಗಳ ಜೊತೆಯಲ್ಲೇ ನೆಮ್ಮದಿಯಾಗಿ ಸಾಗುತ್ತದೆ. ವೇಗ 30ರಿಂದ 50ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಒಂದೂವರೆ ಪಟ್ಟಲ್ಲ, ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ಬಿದ್ದು ಮೊಣಕಾಲು ತರಚಿಕೊಳ್ಳುವ ಘಟನೆ ಜೀವ ಹೋಗುವ ಘಟನೆಯಾಗುವುದು ಈ ಅಂತರದಲ್ಲೇ. ಮುಖ್ಯರಸ್ತೆಯಲ್ಲಿ ವೇಗ ಹೆಚ್ಚು, ಬಸ್ಸುಗಳೂ ಓಡಾಡುತ್ತವೆ. ಅಲ್ಲಿ ಬೇರ್ಪಟ್ಟ ಪಥವೇ ಬೇಕು, ಬಿಳಿ ಬಣ್ಣದ ಗೆರೆ ಸಾಲದು.

ಬೇರ್ಪಟ್ಟ ಪಥ ಎಂದ ಕೂಡಲೇ ಅದನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಬರುತ್ತದೆ, ಮತ್ತು ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ನಿಂತ ಕಾರುಗಳ ಸಾಲಿಗೂ ಓಡುವ ವಾಹನಗಳಿಗೂ ನಡುವೆ ಹಸಿರು ಬಣ್ಣ ಬಳಿದು ಸೈಕಲ್ ಪಥ ಎನ್ನುವುದು ಅಪಾಯಕಾರಿ. ನಿಂತ ಕಾರಿನ ಬಾಗಿಲು ತೆರೆದರೆ ಅದು ಮೂರು ಅಡಿಯಷ್ಟು ಹೊರಚಾಚುತ್ತದೆ. ಅದನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿದವರು ಹಿಂದಿನಿಂದ ಬರುವ ಬಸ್ಸಿನ ದಾರಿಗೆ ಬೀಳುತ್ತಾರೆ. ಅದೇ ಅಗಲದಲ್ಲಿ ಸಾಲುಗಳ ಸ್ಥಾನವನ್ನು ಅದಲುಬದಲು ಮಾಡಿದರೆ, ಅಂದರೆ ಪಾದಚಾರಿ ಮಾರ್ಗದ ಮಗ್ಗುಲಿಗೆ ಸೈಕಲ್ ಪಥ, ಅದರ ಆಚೆ ಮೂರು ಅಡಿಯ ಪಟ್ಟಿ, ಅದರ ಆಚೆ ನಿಂತ ಕಾರುಗಳು ಬಂದರೆ, ಆ ಕಾರುಗಳೇ ಸೈಕಲ್ಲಿಗೆ ಗೋಡೆಯಂತೆ ರಕ್ಷಣೆ ಕೊಡುತ್ತವೆ, ತೆರೆದ ಬಾಗಿಲು ಪಟ್ಟಿಯ ಮೇಲೆಯೇ ಮುಗಿಯುತ್ತದೆ. ಇದಕ್ಕೆ ಒಂದು ಅಡಿಯೂ ಹೆಚ್ಚು ಜಾಗ ಬೇಕಿಲ್ಲ.

ಪಥದ ಎತ್ತರವನ್ನೂ ಕೇಳಿ. ನಮ್ಮ ಬಡಾವಣೆಗಳ ನಿವೇಶನಗಳಲ್ಲಿ 30×40 ಅಳತೆಯವೇ ಹೆಚ್ಚು. ಆದ್ದರಿಂದ ಮೂವತ್ತು ಅಡಿಗೆ ಒಂದರಂತೆ ಗೇಟು, ಗೇಟಿಗೆ ಒಂದರಂತೆ ಕಾರು ಹತ್ತಿಸುವ ಸಿಮೆಂಟಿನ ಇಳಿಜಾರು. ಚರಂಡಿಯ ಮೇಲಿನಿಂದ ಹೊರಟ ಆ ಇಳಿಜಾರು ಡಾಂಬರಿನ ಮೇಲೆ ಒಂದೂವರೆ ಎರಡು ಅಡಿ ಚಾಚಿಕೊಂಡಿರುವುದನ್ನು, ಅದರ ಪಕ್ಕದ ಮೂಲೆಯಲ್ಲಿ ಮಣ್ಣೂ ತರಗೆಲೆಯೂ ತುಂಬಿಕೊಂಡಿರುವುದನ್ನು ನಿಮ್ಮ ರಸ್ತೆಯಲ್ಲೇ ನೋಡಬಹುದು. ಅಂಚಿನಲ್ಲಿ ಹೋಗು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅಂಚಿನಲ್ಲಿ ಹೊರಟ ಮಗು ಪ್ರತಿ ಗೇಟಿನ ಮುಂದೆ ಒಮ್ಮೆ ರಸ್ತೆಯ ನಡುವಿಗೆ ಹೊರಳಿ ಮತ್ತೆ ಒಳಬರಬೇಕು, ಹಿಂದಿನ ವಾಹನದವರಿಗೆ ಅದು ಯಾವಾಗ ಹೊರಳುತ್ತದೆಂದು ತಿಳಿಯುವುದಿಲ್ಲ. ಸೈಕಲ್ ಪಥವನ್ನು ಡಾಂಬರಿನ ಮಟ್ಟದಲ್ಲೇ ಬಿಟ್ಟರೆ ಈ ಇಳಿಜಾರುಗಳೆಲ್ಲ ಪಥದ ಮೇಲೆ ಬಂದು ಕೂರುತ್ತವೆ. ಪಥವನ್ನು ಪಾದಚಾರಿ ಮಾರ್ಗಕ್ಕಿಂತ ತುಸು ಕೆಳಗೆ, ಡಾಂಬರಿಗಿಂತ ನಾಲ್ಕೈದು ಅಂಗುಲ ಮೇಲೆ ಏರಿಸಿ ಗೇಟುಗಳ ಮುಂದೆಯೂ ಅದೇ ಮಟ್ಟದಲ್ಲಿ ಎಳೆದುಕೊಂಡು ಹೋದರೆ, ಕಾರು ಹತ್ತುವ ಇಳಿಜಾರು ಮೂರು ಅಡಿಯ ಪಟ್ಟಿಯಲ್ಲೇ ಮುಗಿಯುತ್ತದೆ. ಸೈಕಲ್ಲು ಏರಿಳಿತವಿಲ್ಲದೆ ನೇರವಾಗಿ ಸಾಗುತ್ತದೆ, ಕಾರಿನವರು ಎರಡು ದಾರಿಗಳನ್ನು ದಾಟುತ್ತಿದ್ದೇವೆ ಎಂದು ತಿಳಿದು ನಿಧಾನಿಸುತ್ತಾರೆ. ಕಾಂಪೌಂಡಿನ ಹೊರಗೆ ಕಬ್ಬಿಣದ ಬೇಲಿ ಹಾಕಿ ಬೆಳೆಸಿದ ಕೈತೋಟಗಳ ವಿಷಯವನ್ನು ನೀವು ನಿವಾಸಿಗಳೇ ಮೊದಲು ಮಾತಾಡಿ ಮುಗಿಸಿಕೊಳ್ಳಿ. ಆರೂವರೆ ಅಡಿಯಲ್ಲಿ ನಾಲ್ಕು ಅಡಿಯನ್ನು ನಾವೇ ಬೇಲಿಯೊಳಗೆ ಇಟ್ಟುಕೊಂಡು ಪಾಲಿಕೆಯ ಮುಂದೆ ಅಗಲದ ವಾದ ಮಾಡಲಾಗದು.

ಪಥದ ಮೇಲ್ಮೈಗೆ ಇಂಟರ್‌ಲಾಕ್ ಟೈಲ್ಸ್ ಬೇಡವೇ ಬೇಡ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅವು ಕುಸಿದು ಏರುಪೇರಾಗುತ್ತವೆ, ಸಣ್ಣ ಚಕ್ರದ ಸೈಕಲ್ಲಿನವರ ಕೈ ಜುಮ್ಮೆನ್ನುತ್ತದೆ, ಎಲ್ಲರೂ ಡಾಂಬರಿಗೇ ಮರಳುತ್ತಾರೆ. ನಯವಾದ ಡಾಂಬರು ಅಥವಾ ಕಾಂಕ್ರೀಟ್ ಇರಲಿ. ಮಳೆನೀರಿನ ಜಾಲರಿಯ ಸರಳುಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದುದ್ದ ಇದ್ದರೆ ಮುಂದಿನ ಚಕ್ರ ಒಳಗಿಳಿದು ಸವಾರರು ಹ್ಯಾಂಡಲಿನ ಮೇಲಿಂದ ಉರುಳುತ್ತಾರೆ. ಕರ್ಬ್ ಕಲ್ಲಿನ ಮಗ್ಗುಲಲ್ಲೇ ಕಿಂಡಿ ಬಿಟ್ಟು ನೀರು ಇಳಿಸಿದರೆ ಇನ್ನೂ ಒಳ್ಳೆಯದು. ವಿದ್ಯುತ್ ಕಂಪನಿ ಸೆಸ್ಕ್‌ನ ಟ್ರಾನ್ಸ್‌ಫಾರ್ಮರ್ ಮತ್ತು ಟೆಲಿಫೋನಿನ ಪೆಟ್ಟಿಗೆಗಳು ಎಲ್ಲಿಗೆ ಹೋಗುತ್ತವೆ ಎಂದು ನಕ್ಷೆಯಲ್ಲೇ ಗುರುತಿಸಿರಬೇಕು. ಗುರುತಿಸದಿದ್ದರೆ ಅವು ಪಥದ ನಡುವೆಯೇ ನಿಲ್ಲುತ್ತವೆ.

ಇನ್ನು ಕೂಡುರಸ್ತೆ ಮತ್ತು ಸರ್ಕಲ್ಲುಗಳು. ನಕ್ಷೆಯಲ್ಲಿ ಪಥವು ಉದ್ದಕ್ಕೂ ಚೆನ್ನಾಗಿ ಓಡಿ, ಸರ್ಕಲ್ಲಿಗೆ ನೂರು ಅಡಿ ಇರುವಾಗ ಮಾಯವಾಗಿ, ಆಚೆ ಮತ್ತೆ ಕಾಣಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಸವಾರರಿಗೆ ರಕ್ಷಣೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಜಾಗದಲ್ಲೇ ಅದು ಇಲ್ಲವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಉದ್ದನೆಯ ಭಾಗದಲ್ಲಿ ಸ್ವಲ್ಪ ರಾಜಿ ಮಾಡಿಕೊಂಡರೂ ಪರವಾಗಿಲ್ಲ, ಕೂಡುವಲ್ಲಿ ಮಾಡಿಕೊಳ್ಳಬಾರದು. ಅಡ್ಡರಸ್ತೆ ಬಂದು ಸೇರುವಲ್ಲಿ ಪಥವೂ ಪಾದಚಾರಿ ಮಾರ್ಗವೂ ತಮ್ಮ ಎತ್ತರದಲ್ಲೇ ಮುಂದುವರಿದು, ಅಡ್ಡರಸ್ತೆಯ ವಾಹನಗಳು ಅವುಗಳ ಮೇಲೆ ಹತ್ತಿ ಇಳಿಯುವಂತಿರಲಿ. ಪ್ರತ್ಯೇಕ ಹಂಪ್ಸ್ ಹಾಕುವ ಅಗತ್ಯವೂ ಆಗ ಇರುವುದಿಲ್ಲ. ಮೂಲೆಯ ತಿರುವನ್ನು ಈಗಿನಂತೆ ದೊಡ್ಡ ಕಮಾನಾಗಿ ಬಿಡದೆ ಬಿಗಿಯಾಗಿ ಕಟ್ಟಲಿ. ಕಮಾನು ದೊಡ್ಡದಾದಷ್ಟೂ ಬ್ರೇಕು ಮುಟ್ಟದೆ ಎಡಕ್ಕೆ ಹೊರಳುವ ಕಾರು, ನೇರಕ್ಕೆ ಹೋಗುತ್ತಿರುವ ಸೈಕಲ್ಲನ್ನು ಕತ್ತರಿಸಿಕೊಂಡು ಹೋಗುತ್ತದೆ. ಸಿಗ್ನಲ್ ಇರುವ ಕಡೆ ಫ್ರೀ ಲೆಫ್ಟ್ ಬಿಟ್ಟಿದ್ದರೆ ಅದನ್ನು ತೆಗೆಯಲು ಕೇಳಿ.

ಸರ್ಕಲ್ಲುಗಳು ಮೈಸೂರಿನ ಸೊಬಗು, ಅವನ್ನು ಉಳಿಸಿಕೊಂಡೇ ಸರಿಪಡಿಸಬಹುದು. ಸೈಕಲ್ಲನ್ನು ಸರ್ಕಲ್ಲಿನ ಸುತ್ತುವ ವಾಹನಗಳ ಗುಂಪಿಗೆ ನೂಕದೆ, ಪಥವನ್ನು ಹೊರಗಿನ ಅಂಚಿನಲ್ಲೇ ಉಂಗುರದಂತೆ ಸುತ್ತಿಸಬೇಕು. ಪ್ರತಿಯೊಂದು ರಸ್ತೆಯನ್ನೂ ಅದು ಸರ್ಕಲ್ಲಿನ ಬಾಯಲ್ಲೇ ದಾಟದೆ ಒಂದು ಕಾರಿನ ಉದ್ದದಷ್ಟು, ಅಂದರೆ ಹದಿನೈದು ಇಪ್ಪತ್ತು ಅಡಿ ಹಿಂದೆ ಸರಿದು ದಾಟಬೇಕು. ಹೊರಬರುವ ಕಾರು ಅಷ್ಟರಲ್ಲಿ ತಿರುವು ಮುಗಿಸಿ ನೇರವಾಗಿರುತ್ತದೆ, ಚಾಲಕರಿಗೆ ಸೈಕಲ್ಲು ಕಣ್ಣೆದುರಿಗೇ ಕಾಣುತ್ತದೆ, ಒಂದು ಕಾರು ನಿಂತು ಕಾಯಲು ಜಾಗವೂ ಇರುತ್ತದೆ. ಸರ್ಕಲ್ಲಿಗೆ ಸೇರುವ ಬಾಯಿ ಒಂದೇ ವಾಹನದ ಅಗಲಕ್ಕೆ ಇಳಿಯಬೇಕು. ಎರಡು ಸಾಲು ಬಿಟ್ಟರೆ ಮುಂದಿನ ಕಾರು ನಿಂತರೂ ಅದರ ಮರೆಯಿಂದ ಇನ್ನೊಂದು ನುಗ್ಗುತ್ತದೆ.

ಬಸ್ ತಂಗುದಾಣದಲ್ಲಿ ಪಥವು ತಂಗುದಾಣದ ಹಿಂಬದಿಯಿಂದ ಹಾದುಹೋಗಬೇಕು; ಮುಂಬದಿಯಿಂದ ಹೋದರೆ ಪ್ರತಿ ಬಸ್ಸೂ ಪಥದ ಮೇಲೆ ನಿಲ್ಲುತ್ತದೆ.

ಸ್ಕೂಟರ್ ನಿಲ್ಲಿಸುತ್ತಾರೆ, ಬೈಕು ನುಗ್ಗಿಸುತ್ತಾರೆ ಎಂಬ ಆಕ್ಷೇಪಕ್ಕೆ ನಿಜವಾದ ಆಧಾರವಿದೆ. ದೆಹಲಿಯಲ್ಲಿ 2008ರಲ್ಲಿ ತೆರೆದ ಬಿಆರ್‌ಟಿ ಮಾರ್ಗದಲ್ಲಿ, ಅಂದರೆ ಬಸ್ಸುಗಳಿಗೆ ಪ್ರತ್ಯೇಕ ಸಾಲು ಬಿಟ್ಟ ರಸ್ತೆಯಲ್ಲಿ, ಸೈಕಲ್ಲಿಗೆಂದೇ ಪ್ರತ್ಯೇಕ ದಾರಿಯಿದ್ದರೂ, ವಾಹನದಟ್ಟಣೆಯ ಹೊತ್ತಿನಲ್ಲಿ ಬೈಕುಗಳು ಅದರೊಳಗೆ ಸೇರಿಕೊಳ್ಳುತ್ತಿದ್ದವು. ಪಥದ ಬಾಯಿಗೆ ಗಿಡ್ಡ ಕಂಬ ನೆಟ್ಟರೆ ಕಾರು ಬರುವುದಿಲ್ಲ, ಆಟೋ ಬರುವುದಿಲ್ಲ, ಆದರೆ ಸೈಕಲ್ ದಾಟುವ ತೆರಪಿನಲ್ಲಿ ಸ್ಕೂಟರೂ ದಾಟುತ್ತದೆ. ಸ್ಕೂಟರ್ ತಡೆಯಲೆಂದು ತೆರಪನ್ನು ಇನ್ನೂ ಕಿರಿದು ಮಾಡಿದರೆ ಅಂಗವಿಕಲರ ಮೂರುಚಕ್ರದ ಸೈಕಲ್ಲೂ ತಳ್ಳುಗಾಡಿಯೂ ಹೊರಗುಳಿಯುತ್ತವೆ. ಕಂಬಗಳ ನಡುವೆ ನಾಲ್ಕೂವರೆ ಐದು ಅಡಿ ಬಿಟ್ಟು ಕಾರನ್ನು ತಡೆಯಿರಿ. ಸ್ಕೂಟರಿಗೆ ಬೇರೆ ಉಪಾಯ ಬೇಕು. ಅಂಗಡಿ, ದರ್ಶಿನಿ, ಮೆಡಿಕಲ್ ಸ್ಟೋರುಗಳ ಮುಂದೆ ದ್ವಿಚಕ್ರ ವಾಹನ ನಿಲ್ಲಿಸಲು ಆ 7 ಅಡಿಯ ಸಾಲಿನಲ್ಲೇ ಜಾಗ ಗುರುತಿಸಬೇಕು; ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಸ್ಕೂಟರುಗಳು ಹಿಡಿಸುತ್ತವೆ. ಐದು ನಿಮಿಷಕ್ಕೆಂದು ಬಂದವರಿಗೆ ಹತ್ತಿರದಲ್ಲೇ ಸರಿಯಾದ ಜಾಗ ಸಿಕ್ಕಿದರೆ ಬಹಳಷ್ಟು ಜನ ಅಲ್ಲೇ ನಿಲ್ಲಿಸುತ್ತಾರೆ. ಉಳಿದವರಿಗೆ ಸಂಚಾರ ಪೊಲೀಸರು ದಂಡ ಹಾಕಲೇಬೇಕು. ಮೊದಲ ಕೆಲವು ತಿಂಗಳು ಕಟ್ಟುನಿಟ್ಟಾಗಿ ಹಾಕುವರೇ ಎಂದು ಸಭೆಗೆ ಅವರನ್ನೂ ಕರೆಸಿ ಕೇಳಿ.

ಮರಗಳ ಬಗ್ಗೆ ನಿಮ್ಮ ನೆರೆಯವರ ಭಯ ಅರ್ಥವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ ಅಗಲೀಕರಣಕ್ಕಾಗಿ 40 ಮರಗಳನ್ನು ಕಡಿದದ್ದು ಊರಿನ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಆದರೆ ಮರ ಹೋಗುವುದು ಡಾಂಬರನ್ನು ಹಿಗ್ಗಿಸಿದಾಗ. ನಾನು ಮೇಲೆ ಹೇಳಿದ ವಿನ್ಯಾಸ ಡಾಂಬರನ್ನು ಕುಗ್ಗಿಸುತ್ತದೆ, ಮತ್ತು ಮೈಸೂರಿನ ಬಿಸಿಲಿನಲ್ಲಿ ಮಾರ್ಚಿನಿಂದ ಮೇ ತನಕ ನೆರಳಿಲ್ಲದ ಪಥದಲ್ಲಿ ಯಾರೂ ತುಳಿಯಲಾರರು. ಪ್ರತಿಯೊಂದು ಮರದ ಜಾಗ, ಬೊಡ್ಡೆಯ ಸುತ್ತಳತೆಯನ್ನು ನಕ್ಷೆಯ ಮೇಲೆ ಗುರುತಿಸಲು ಒತ್ತಾಯಿಸಿ. ಮರ ಅಡ್ಡ ಬಂದಲ್ಲಿ ಪಥವು ಅದನ್ನು ಬಳಸಿಕೊಂಡು ಹೋಗಲಿ, ಕಾರು ನಿಲ್ಲಿಸುವ ಸಾಲು ಅಲ್ಲಿ ಕಡಿದುಹೋಗಲಿ. ಬುಡಕ್ಕೆ ಕಾಂಕ್ರೀಟ್ ಸುರಿಯದೆ ನಾಲ್ಕಡಿ ಚೌಕದಷ್ಟಾದರೂ ಮಣ್ಣು ಬಿಡಲಿ.

ಸೈಕಲ್ ತುಳಿಯುವವರು ಯಾರಿದ್ದಾರೆ ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಏಕೆಂದರೆ ಅದನ್ನು ಹೇಳುವವರು ಮಲಗಿರುವ ಹೊತ್ತಿನಲ್ಲೇ ಅವರ ಮನೆಗೆ ಪೇಪರು ಬಂದಿರುವುದು ಸೈಕಲ್ಲಿನಲ್ಲಿ. ವಾಹನ ಎಣಿಕೆ ನಡೆಯುವುದು ಕಾರು ಬೈಕುಗಳ ದಟ್ಟಣೆಯ ಗಂಟೆಗಳನ್ನು ನೋಡಿಕೊಂಡು. ಹಾಲು, ಪೇಪರು, ಹೂವಿನವರ ಹೊತ್ತು ಅದಕ್ಕಿಂತ ಮುಂಚೆ. ಗಾರೆ ಕೆಲಸಕ್ಕೆ ಸುತ್ತಲಿನ ಹಳ್ಳಿಗಳಿಂದ ಬರುವವರು, ಕಾರ್ಖಾನೆಯ ಪಾಳಿಗೆ ಹೋಗುವವರು, ಟ್ಯೂಷನ್ನಿಗೆ ಹೋಗುವ ಮಕ್ಕಳು, ಇವರೆಲ್ಲರ ಹೊತ್ತು ಬೇರೆ ಬೇರೆ. ಎಣಿಸಿದ ಸೈಕಲ್ಲನ್ನೂ ಲೆಕ್ಕದಲ್ಲಿ ಕಾರಿನ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆ ಎಂದು ಹಿಡಿಯುತ್ತಾರೆ. ರಸ್ತೆಯ ಮೇಲೆ ಅದು ಹಿಡಿಯುವ ಜಾಗಕ್ಕೆ ಆ ಅಳತೆ ಸರಿಯಿರಬಹುದು, ಅದರ ಮೇಲಿರುವ ಮನುಷ್ಯರ ಎಣಿಕೆಗೆ ಸರಿಯಲ್ಲ. ಆದ್ದರಿಂದ ನೀವೇ ಎಣಿಸಿ. ಒಂದು ಶಾಲಾದಿನ ಬೆಳಗ್ಗೆ ಐದೂವರೆಯಿಂದ ಒಂಬತ್ತೂವರೆ, ಮತ್ತೆ ಸಂಜೆ ನಾಲ್ಕರಿಂದ ಏಳು, ಮೂಲೆಯೊಂದರಲ್ಲಿ ಇಬ್ಬರು ಕುಳಿತು ಹೆಂಗಸರು, ಗಂಡಸರು, ಶಾಲಾಮಕ್ಕಳು ಎಂದು ಬೇರೆ ಬೇರೆ ಗೀಟು ಹಾಕಿಕೊಂಡರೆ ಸಾಕು. ಆ ಹಾಳೆಯನ್ನು ಮನವಿಗೆ ಲಗತ್ತಿಸಿ.

ಈಗ ತುಳಿಯದವರ ವಿಷಯವೂ ಇದೆ. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಸಾರ್ವಜನಿಕ ಬೈಸಿಕಲ್ ಯೋಜನೆ 450 ಸೈಕಲ್, 48 ನಿಲ್ದಾಣಗಳೊಂದಿಗೆ ಆರಂಭವಾದಾಗ ಇಡೀ ದೇಶ ನಮ್ಮ ಕಡೆ ನೋಡಿತು. ಸೈಕಲ್ಲನ್ನು ಕೊಟ್ಟೆವು, ಅದು ಓಡಾಡುವ ರಸ್ತೆಗಳು ಬಹುಮಟ್ಟಿಗೆ ಮೊದಲಿದ್ದಂತೆಯೇ ಉಳಿದವು. ಸ್ಪೇನ್ ದೇಶದ ಸೆವಿಲ್ ನಗರದವರು ಎರಡನ್ನೂ ಒಟ್ಟಿಗೆ ಮಾಡಿದರು. 2006ರ ಸುಮಾರಿಗೆ ಕೆಲಸ ಹಿಡಿದು, ನಾಲ್ಕೈದು ವರ್ಷಗಳಲ್ಲಿ ಸುಮಾರು 120 ಕಿಲೋಮೀಟರ್ ಬೇರ್ಪಟ್ಟ ಪಥವನ್ನು, ಬಹಳ ಕಡೆ ಕಾರು ನಿಲ್ಲಿಸುತ್ತಿದ್ದ ಜಾಗದಲ್ಲೇ, ಒಂದಕ್ಕೊಂದು ಕೂಡುವಂತೆ ಕಟ್ಟಿದರು. ಸೈಕಲ್ ಓಡಾಟ ಹಲವು ಪಟ್ಟು ಹೆಚ್ಚಿತು. ಅದೂ ನಮ್ಮಂತೆ ಬಿಸಿಲಿನ ಊರೇ.

ದಸರಾ ಮೆರವಣಿಗೆಯ ದಾರಿಗೆ ಈ ವಿನ್ಯಾಸ ಹಾಗೆಯೇ ಹೊಂದುವುದಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಆನೆ, ಸ್ತಬ್ಧಚಿತ್ರ, ಜನಸಾಗರಕ್ಕೆ ಅಡ್ಡಿಯಾಗದ ಹಾಗೆ ಎಲ್ಲವೂ ಸಮತಟ್ಟಾಗಿ, ಕಂಬಗಳು ಕಿತ್ತಿಡುವಂತಹವಾಗಿ ಇರಬೇಕು. ನಿಮ್ಮ ಬಡಾವಣೆಗೆ ಆ ನಿರ್ಬಂಧವಿಲ್ಲ.

ಮನವಿಯಲ್ಲಿ ಆಧಾರವಾಗಿ ತೋರಿಸಲು ಮೂರು ಸಂಗತಿಗಳು ಸಾಕು. ವಾಹನಗಳಿಗಿಂತ ಜನರ ಓಡಾಟಕ್ಕೆ ರಸ್ತೆಯ ಜಾಗವನ್ನು ಹಂಚಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳುತ್ತದೆ. ಸೈಕಲ್ ಪಥದ ವಿನ್ಯಾಸಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 11 ಎಂಬ ಮಾರ್ಗಸೂಚಿ ಇದೆ, ಅದನ್ನು 2015ರಲ್ಲಿ ಪರಿಷ್ಕರಿಸಲಾಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನಂತೆ, ರಸ್ತೆ ವಿನ್ಯಾಸದ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇದನ್ನು ಬೆದರಿಕೆಯ ಧಾಟಿಯಲ್ಲಿ ಬರೆಯಬೇಡಿ. ನಿಮ್ಮ ಎಂಜಿನಿಯರು ತಮ್ಮ ಮೇಲಧಿಕಾರಿಯ ಮುಂದೆ ಇಟ್ಟು ವಾದಿಸಲು ಅವರಿಗೂ ಒಂದು ಆಧಾರ ಬೇಕಾಗಿರುತ್ತದೆ.

ಹೊತ್ತಿನ ವಿಷಯ ಬಹಳ ಮುಖ್ಯ. ಸಭೆಯಲ್ಲಿ ತೋರಿಸುವ ಬಣ್ಣದ ಚಿತ್ರಗಳನ್ನು ನಂಬಿ ಕೂರಬೇಡಿ. ಕ್ರಾಸ್ ಸೆಕ್ಷನ್ ಎನ್ನುವ ಅಡ್ಡಛೇದದ ನಕ್ಷೆಯನ್ನು, ಪ್ರತಿ ಸರ್ಕಲ್ಲಿನ ವಿವರ ನಕ್ಷೆಯನ್ನು, ಎಸ್ಟಿಮೇಟಿನ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಎಸ್ಟಿಮೇಟಿನಲ್ಲಿ ಸೈಕಲ್ ಪಥದ ಬಾಬ್ತು ಪ್ರತ್ಯೇಕ ಸಾಲಾಗಿ ಇಲ್ಲದಿದ್ದರೆ, ಚಿತ್ರದಲ್ಲಿ ಎಷ್ಟೇ ಸೈಕಲ್ಲುಗಳಿದ್ದರೂ ರಸ್ತೆಯ ಮೇಲೆ ಪಥ ಬರುವುದಿಲ್ಲ, ಏಕೆಂದರೆ ಗುತ್ತಿಗೆದಾರರು ಕಟ್ಟುವುದು ಎಸ್ಟಿಮೇಟನ್ನು. ಟೆಂಡರ್ ಕರೆದ ಮೇಲೆ ಒಂದು ಕರ್ಬ್ ಕಲ್ಲನ್ನು ಸರಿಸಬೇಕಾದರೂ ಹೊಸ ಮಂಜೂರಾತಿ ಬೇಕಾಗುತ್ತದೆ. ಕುಡಿಯುವ ನೀರು, ಒಳಚರಂಡಿ, ವಿದ್ಯುತ್, ಕೇಬಲ್ಲಿನವರ ಕೆಲಸಗಳನ್ನು ಪಥ ಹಾಕುವ ಮೊದಲೇ ಮುಗಿಸುವ ವೇಳಾಪಟ್ಟಿಯೂ ಆ ಕಡತದಲ್ಲಿರಲಿ.

ಸಾಧ್ಯವಾದರೆ ಟೆಂಡರಿಗೆ ಮೊದಲು ಎರಡು ವಾರಗಳ ಪ್ರಯೋಗಕ್ಕೆ ಒಪ್ಪಿಸಿ. ಖಾಲಿ ಡ್ರಮ್ಮು, ಮರಳು ಮೂಟೆ, ಸುಣ್ಣದ ಗೆರೆ, ಪೊಲೀಸರ ಬ್ಯಾರಿಕೇಡುಗಳಿಂದ ಈ ಅಳತೆಗಳನ್ನು ರಸ್ತೆಯ ಮೇಲೆಯೇ ಗುರುತಿಸಿ, ಬಸ್ಸು ತಿರುಗುತ್ತದೆಯೇ, ಕಸದ ಗಾಡಿ ಎಲ್ಲಿ ನಿಲ್ಲುತ್ತದೆ, ಅಂಗಡಿಯವರಿಗೆ ಸಾಮಾನು ಇಳಿಸಲು ಏನು ತೊಂದರೆ ಎಂದು ನೋಡಿಕೊಳ್ಳಬಹುದು; ಅಂಗಡಿಯವರ ವಿರೋಧ ಅರ್ಧ ಕರಗುವುದು ಆ ಎರಡು ವಾರಗಳಲ್ಲೇ. ಮೊದಲು ಎಣಿಸಿದ ಮೂಲೆಯಲ್ಲೇ, ಅದೇ ಗಂಟೆಗಳಲ್ಲಿ ಮತ್ತೊಮ್ಮೆ ಎಣಿಸಿ, ಎರಡೂ ಹಾಳೆಗಳನ್ನು ಅಂತಿಮ ನಕ್ಷೆಗೆ ಸಹಿ ಬೀಳುವ ಮುನ್ನ ಪಾಲಿಕೆಯ ಆಯುಕ್ತರಿಗೆ ತಲುಪಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.